ಲ್ಯಾವೆನ್‌ಹ್ಯಾಮ್‌ನ ಹಳೇ ಮನೆ: ಗೋಡೆ ಮುಟ್ಟುವ ಮುಂಚೆ ಯಾರನ್ನು ಕೇಳಬೇಕು?

ಪ್ರಶ್ನೆ: ನಾವು ಬೆಂಗಳೂರಿನವರು. ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷವಾಯಿತು. ಈ ವರ್ಷ ಸಫೋಕ್ ಕೌಂಟಿಯ ಲ್ಯಾವೆನ್‌ಹ್ಯಾಮ್ ಹಳ್ಳಿಯಲ್ಲಿ ಮರದ ಚೌಕಟ್ಟಿನ ಹಳೇ ಮನೆಯೊಂದನ್ನು ಕೊಂಡೆವು. ಗ್ರೇಡ್ 2 ಲಿಸ್ಟೆಡ್ ಕಟ್ಟಡ, ಅಂದರೆ ಕಾನೂನಿನ ರಕ್ಷಣೆಗೆ ಅಂತ ಪಟ್ಟಿ ಮಾಡಿದ ಕಟ್ಟಡಗಳಲ್ಲಿ ಒಂದು. ಕಿಟಕಿಯಿಂದ ಚಳಿಗಾಳಿ ನುಗ್ಗುತ್ತದೆ. ಒಂದು ಗೋಡೆ ಸದಾ ತೇವ. ಡಬಲ್ ಗ್ಲೇಜಿಂಗ್ ಕಿಟಕಿ, ಅಂದರೆ ಎರಡು ಪದರ ಗಾಜಿನ ಕಿಟಕಿ ಹಾಕಿಸಿ, ಆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಕು ಅಂತಿದ್ದೇವೆ. ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ತೆಗೆಸುವ, ಛಾವಣಿಗೆ ಸೋಲಾರ್ ಹಾಕಿಸುವ ಆಸೆಯೂ ಇದೆ. ಹಿಂದಿನ ಮಾಲೀಕರು ಹಿಂಬದಿಗೆ ಎರಡು ಪ್ಲಾಸ್ಟಿಕ್ ಕಿಟಕಿ ಹಾಕಿಸಿದ್ದಾರೆ. ಪಕ್ಕದ ಮನೆಯವರು "ಮೊಳೆ ಹೊಡೆಯೋಕೂ ಪರ್ಮಿಷನ್ ಬೇಕು" ಅನ್ನುತ್ತಾರೆ. ಬಿಲ್ಡರ್ "ಮನೆ ಒಳಗೆ ಏನು ಬೇಕಾದರೂ ಮಾಡಿ, ಯಾರೂ ಕೇಳಲ್ಲ" ಅನ್ನುತ್ತಾನೆ. ಯಾರ ಮಾತು ನಿಜ? ಹಬ್ಬಕ್ಕೆ ಬಾಗಿಲಿಗೆ ತೋರಣ ಕಟ್ಟೋಕೂ ಕೇಳಬೇಕಾ?

ಉತ್ತರ: ಇಬ್ಬರ ಮಾತೂ ಪೂರ್ತಿ ನಿಜವಲ್ಲ. ಆದರೆ ಪಕ್ಕದ ಮನೆಯವರನ್ನು ನಂಬಿದರೆ ನಿಮಗೆ ಸ್ವಲ್ಪ ಕಿರಿಕಿರಿ, ಅಷ್ಟೇ. ಬಿಲ್ಡರ್‌ನನ್ನು ನಂಬಿದರೆ ಕೋರ್ಟು ಮೆಟ್ಟಿಲು ಹತ್ತಬೇಕಾಗಬಹುದು. ಅದಕ್ಕೇ ಅವನ ಮಾತಿನಿಂದ ಶುರು ಮಾಡುತ್ತೇನೆ.

ಇಂಗ್ಲೆಂಡಿನಲ್ಲಿ ಒಂದು ಮನೆ ಲಿಸ್ಟ್ ಆಗಿದೆ ಅಂದರೆ ರಸ್ತೆಗೆ ಕಾಣುವ ಮುಖ ಮಾತ್ರ ಲಿಸ್ಟ್ ಆಗಿದೆ ಅಂತಲ್ಲ. ಇಡೀ ಮನೆ ಲಿಸ್ಟ್ ಆಗಿದೆ. ಮೆಟ್ಟಿಲು, ಬಾಗಿಲು, ನೆಲಕ್ಕೆ ಹಾಸಿದ ಇಟ್ಟಿಗೆ, ಅಟ್ಟದ ತೊಲೆ, ಒಲೆಗೂಡು, ಗೋಡೆಯೊಳಗಿನ ಮಣ್ಣು ಎಲ್ಲವೂ ಅದರಲ್ಲಿ ಬರುತ್ತದೆ. ಹಿತ್ತಿಲಿನ ಹಳೇ ಶೆಡ್ಡು, ಕಾಂಪೌಂಡ್ ಗೋಡೆ ಕೂಡ 1948ರ ಜುಲೈ 1ಕ್ಕಿಂತ ಮುಂಚಿನವಾದರೆ ಸಾಮಾನ್ಯವಾಗಿ ಸೇರಿಕೊಳ್ಳುತ್ತವೆ. 1947ರ ಟೌನ್ ಆ್ಯಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ ಜಾರಿಗೆ ಬಂದ ದಿನ ಅದು. ಈ ಪಟ್ಟಿಯನ್ನು ನೋಡಿಕೊಳ್ಳುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಮನೆಯ ವಿವರ ಸಿಗುತ್ತದೆ, ಓದಿ. ನಾಲ್ಕೈದು ಸಾಲು ಮಾತ್ರ ಇರಬಹುದು. "ಇದರಲ್ಲಿ ಮೆಟ್ಟಿಲಿನ ಸುದ್ದಿಯೇ ಇಲ್ಲವಲ್ಲ, ಹಾಗಾದರೆ ಮೆಟ್ಟಿಲು ತೆಗೀಬಹುದು" ಅಂದುಕೊಳ್ಳಬೇಡಿ. ಹಳೇ ವಿವರಗಳನ್ನು ಬರೆದದ್ದು ಇದು ಯಾವ ಕಟ್ಟಡ ಅಂತ ಗುರುತಿಸಲಿಕ್ಕೆ ಮಾತ್ರ. ಎಷ್ಟೋ ಮನೆಗಳ ವಿವರವನ್ನು ಒಳಗೆ ಕಾಲಿಡದೆ ರಸ್ತೆಯಲ್ಲೇ ನಿಂತು ಬರೆದಿದ್ದಾರೆ.

ಗ್ರೇಡ್ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2 ಅಂತ ಮೂರು ದರ್ಜೆ. ಸುಮಾರು ನೂರಕ್ಕೆ 92ರಷ್ಟು ಕಟ್ಟಡಗಳು ನಿಮ್ಮದರ ಹಾಗೆ ಗ್ರೇಡ್ 2. ಕೆಳಗಿನ ದರ್ಜೆ ಅಂತ ಕಾನೂನು ಸಡಿಲವೇನೂ ಆಗುವುದಿಲ್ಲ. 1990ರ ಲಿಸ್ಟೆಡ್ ಕಟ್ಟಡಗಳ ಕಾಯ್ದೆ ಮೂರಕ್ಕೂ ಒಂದೇ. ಕಟ್ಟಡದ ವಿಶೇಷ ಗುಣಕ್ಕೆ ಪೆಟ್ಟಾಗುವಂತೆ ಸ್ಥಳೀಯ ಕೌನ್ಸಿಲ್‌ನ ಒಪ್ಪಿಗೆಯಿಲ್ಲದೆ ಏನನ್ನಾದರೂ ಬದಲಿಸಿದರೆ, ಕೆಡವಿದರೆ ಅದು ಕ್ರಿಮಿನಲ್ ಅಪರಾಧ. "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ. ಎರಡು ವರ್ಷದವರೆಗೆ ಜೈಲು, ಮಿತಿಯೇ ಇಲ್ಲದ ದಂಡ, ಅಥವಾ ಎರಡೂ ಆಗಬಹುದು. ಕೆಲಸ ಮಾಡಿಸಿದವರ ಜೊತೆ ಮಾಡಿದ ಬಿಲ್ಡರ್ ಮೇಲೂ ಕೇಸು ಹಾಕಬಹುದು. ಇದನ್ನು ನಿಮ್ಮ ಬಿಲ್ಡರ್‌ಗೆ ಹೇಳಿ ನೋಡಿ. ಮಾತಿನ ಧಾಟಿ ಬದಲಾಗುತ್ತದೆ.

ಹೆದರಿಸಲಿಕ್ಕೆ ಬರೆಯುತ್ತಿಲ್ಲ. ಹೆಚ್ಚಿನ ಜನ ಜೈಲಿಗೆ ಹೋಗುವುದಿಲ್ಲ. ಮಾಡಿದ್ದನ್ನು ತೆಗೆದು ಮೊದಲಿನಂತೆ ಮಾಡಿಸುವುದರಲ್ಲೇ ಸೋತು ಹೋಗುತ್ತಾರೆ. ಐನೂರು ವರ್ಷದ ಗೋಡೆಯನ್ನು ಒಮ್ಮೆ ಕಿತ್ತು ಕಸದ ಲಾರಿಗೆ ತುಂಬಿದ ಮೇಲೆ ಮೊದಲಿನಂತೆ ಮಾಡುವುದಾದರೂ ಹೇಗೆ?

ಈಗ ನಿಮ್ಮ ಊರಿನ ಕಥೆ ಸ್ವಲ್ಪ ಹೇಳಲೇಬೇಕು. ಅದಿಲ್ಲದೆ ಈ ನಿಯಮಗಳು ಸುಮ್ನೆ ಕಾಟ ಅನ್ನಿಸುತ್ತವೆ. ಲ್ಯಾವೆನ್‌ಹ್ಯಾಮ್ 15ನೇ ಶತಮಾನದ ಕೊನೆ, 16ನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಶ್ರೀಮಂತ ಊರುಗಳಲ್ಲಿ ಒಂದು. ಉಣ್ಣೆ ಬಟ್ಟೆ, ಅದರಲ್ಲೂ ನೀಲಿ ಬಣ್ಣದ ದಪ್ಪ ಬಟ್ಟೆ ಇಲ್ಲಿನ ಹೆಸರು. ಆ ದುಡ್ಡಿನಲ್ಲೇ ಓಕ್ ಮರದ ಮನೆಗಳು ಎದ್ದವು, ಊರಿನ ಸಂಘದವರ ಸಭಾಭವನ ಗಿಲ್ಡ್‌ಹಾಲ್ ಎದ್ದಿತು, 141 ಅಡಿ ಎತ್ತರದ ಗೋಪುರದ ಚರ್ಚು ಎದ್ದಿತು. ಆಮೇಲೆ ಕೋಲ್ಚೆಸ್ಟರ್‌ಗೆ ಬಂದ ಡಚ್ ನೇಕಾರರು ಹಗುರವಾದ, ಅಗ್ಗದ ಬಟ್ಟೆ ನೇಯಲು ಶುರು ಮಾಡಿದರು. ಲ್ಯಾವೆನ್‌ಹ್ಯಾಮ್ ವ್ಯಾಪಾರ ಕುಸಿಯಿತು. ಬೇರೆ ಊರಿನ ಸಾಹುಕಾರರು 18ನೇ ಶತಮಾನದಲ್ಲಿ ಹಳೇ ಮರದ ಮನೆ ಕೆಡವಿ ಇಟ್ಟಿಗೆ ಮನೆ ಕಟ್ಟಿಕೊಂಡರು. ಲ್ಯಾವೆನ್‌ಹ್ಯಾಮ್‌ನವರ ಹತ್ತಿರ ಅದಕ್ಕೆ ದುಡ್ಡಿರಲಿಲ್ಲ. ಇದ್ದ ಮನೆಗೇ ತೇಪೆ ಹಾಕಿ ಬದುಕಿದರು. ಹಾಗಾಗಿ ಇಂದು ಸುಮಾರು 1,700 ಜನರಿರುವ ಈ ಹಳ್ಳಿಯಲ್ಲಿ 300ಕ್ಕೂ ಹೆಚ್ಚು ಲಿಸ್ಟೆಡ್ ಕಟ್ಟಡಗಳಿವೆ.

ಅವು ತಾವಾಗಿಯೇ ಉಳಿದವು ಅಂತಲೂ ಅಲ್ಲ. 1911ರಲ್ಲಿ ಇಲ್ಲಿನ ವುಲ್ ಹಾಲ್ ಕಟ್ಟಡವನ್ನು ಬಿಚ್ಚಿ ಬೇರೆ ಕಡೆ ಸಾಗಿಸಲು ಹೊರಟಿದ್ದರು. ಊರಿನ ಜನ ಗಲಾಟೆ ಮಾಡಿದರು. ಬಿಚ್ಚಿದ ಮರವೆಲ್ಲ ಅದೇ ಜಾಗಕ್ಕೆ ವಾಪಸ್ ಬಂತು. ಈಗ ಅದು ಸ್ವಾನ್ ಹೋಟೆಲಿನ ಒಂದು ಭಾಗ. ಆಗ ಅದನ್ನು ತಡೆಯುವ ಕಾನೂನು ಇರಲಿಲ್ಲ. 1882ರ ಪುರಾತನ ಸ್ಮಾರಕ ಕಾಯ್ದೆ ಇತ್ತು. ಆದರೆ ಜನ ವಾಸಿಸುವ ಮನೆಗಳಿಗೆ ಅದರಿಂದ ರಕ್ಷಣೆ ಇರಲಿಲ್ಲ. ಎರಡನೇ ಮಹಾಯುದ್ಧದ ಬಾಂಬುಗಳು ಊರುಗಳನ್ನು ಉರುಳಿಸಿದ ಮೇಲೆ, 1944 ಮತ್ತು 1947ರ ಕಾಯ್ದೆಗಳಿಂದ ಪಟ್ಟಿ ಮಾಡುವ ಕೆಲಸ ಶುರುವಾಯಿತು. ಒಪ್ಪಿಗೆ ಪಡೆದೇ ಬದಲಿಸಬೇಕು ಅನ್ನುವ ಈಗಿನ ಪದ್ಧತಿ ಬಂದದ್ದು 1968ರಲ್ಲಿ.

ಇನ್ನು ನಿಮ್ಮ ತೇವದ ಗೋಡೆ. ನಿಮ್ಮ ಪಟ್ಟಿಯಲ್ಲಿ ನನಗೆ ಅತಿ ಜಾಸ್ತಿ ಚಿಂತೆ ಇರುವುದು ಇದರದ್ದೇ. ದಯವಿಟ್ಟು ಸಿಮೆಂಟ್ ಹಾಕಿಸಬೇಡಿ.

ನಿಮ್ಮ ಮನೆ ನಿಂತಿರುವುದು ಮರದ ಮೇಲೆ. ಕೆಳಗೆ ಇಟ್ಟಿಗೆ ಅಥವಾ ಕಲ್ಲಿನ ಗಿಡ್ಡ ಗೋಡೆ. ಅದರ ಮೇಲೆ ಉದ್ದಕ್ಕೆ ಮಲಗಿಸಿದ ಓಕ್ ತೊಲೆ. ಅದರಲ್ಲಿ ನಾಟಿದ ಕಂಬಗಳು. ಕಂಬಗಳ ನಡುವೆ ಕಡ್ಡಿಯ ತಡಿಕೆ, ಅದಕ್ಕೆ ಎರಡೂ ಕಡೆ ಮೆತ್ತಿದ ಹುಲ್ಲು ಬೆರೆಸಿದ ಮಣ್ಣು, ಮೇಲೆ ಸುಣ್ಣದ ಗಾರೆ. ಮಲೆನಾಡಿನ ಹಳೇ ಮನೆಯ ತಡಿಕೆ ಗೋಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಗೋಡೆ ಮಳೆಗೆ ಒದ್ದೆಯಾಗುತ್ತದೆ, ಬಿಸಿಲು ಗಾಳಿಗೆ ಒಣಗುತ್ತದೆ. ಒದ್ದೆಯಾಗದಂತೆ ತಡೆಯುವುದು ಅದರ ಗುಟ್ಟಲ್ಲ, ಬೇಗ ಒಣಗುವುದು ಅದರ ಗುಟ್ಟು. ಸುಣ್ಣ ನೀರಿನ ಆವಿಯನ್ನು ಹೊರಗೆ ಬಿಡುತ್ತದೆ. ಮರ ಹಿಗ್ಗಿ ಕುಗ್ಗಿದಾಗ ಜೊತೆಗೇ ಸ್ವಲ್ಪ ಬಾಗುತ್ತದೆ.

ಸಿಮೆಂಟ್ ಹಾಗಲ್ಲ. ಅದು ಗಡುಸು. ಮರ ಅಲುಗಿದಾಗ ಅದು ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಇಳಿದು ಇಳಿದು ತಳದ ತೊಲೆಯ ಮೇಲೆ ನಿಲ್ಲುತ್ತದೆ. ಹೊರಗಿನಿಂದ ಗೋಡೆ ನೀಟಾಗಿ ಕಾಣುತ್ತಿರುತ್ತದೆ. ಇದೇ ಸಫೋಕ್‌ನಲ್ಲಿ ಒಂದು ಮನೆಯ ಸಿಮೆಂಟ್ ಬಿಡಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಳಗಿನ ಓಕ್ ತೊಲೆಯನ್ನು ಬೊಗಸೆಯಲ್ಲಿ ಎತ್ತಬಹುದಿತ್ತು, ಕಾಫಿ ಪುಡಿಯ ಹಾಗೆ. ಆ ಮನೆಯ ಯಜಮಾನರ ಮುಖ ಇನ್ನೂ ಮರೆತಿಲ್ಲ.

ಹಾಗಾಗಿ ಮೊದಲು ಕಾರಣ ಹುಡುಕಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಕಾರಣ ತೀರಾ ಸಣ್ಣದು. ಮಳೆನೀರಿನ ದೋಣಿ ಒಡೆದಿರುತ್ತದೆ. ಹೂವಿನ ಪಾತಿಯ ಮಣ್ಣು ವರ್ಷ ವರ್ಷ ಏರಿ ತೊಲೆಯ ಮಟ್ಟಕ್ಕೆ ಬಂದಿರುತ್ತದೆ. ಹಿಂದೆ ಯಾರೋ ಪ್ಲಾಸ್ಟಿಕ್ ಬಣ್ಣ ಬಳಿದಿರುತ್ತಾರೆ. ದೋಣಿ ಸರಿಪಡಿಸಿ, ಮಣ್ಣು ಇಳಿಸಿ, ಒಂದು ಚಳಿಗಾಲ, ಒಂದು ಬೇಸಿಗೆ ಕಾಯಿರಿ. ಅರ್ಧ ಸಮಸ್ಯೆ ತಾನೇ ಹೋಗುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಯಾರ ಒಪ್ಪಿಗೆಯೂ ಬೇಡ. ಸುಣ್ಣದ ಗಾರೆ ಕಿತ್ತಲ್ಲಿ ಅದೇ ತರಹದ ಗಾರೆ ತೇಪೆ ಹಾಕುವುದಕ್ಕೂ ಬೇಡ. ಇದ್ದದ್ದನ್ನು ಇದ್ದ ಹಾಗೆ ರಿಪೇರಿ ಮಾಡುವುದು ಅಂದರೆ ಇದೇ. ಇಡೀ ಗೋಡೆಯ ಗಿಲಾವು ಬದಲಿಸುವುದಾದರೆ ಮಾತ್ರ ಕೇಳಿಕೊಂಡು ಮಾಡಿ. ಸಿಮೆಂಟ್ ತೆಗೆದು ಸುಣ್ಣ ಹಾಕುವ ಒಳ್ಳೇ ಕೆಲಸಕ್ಕೂ ಒಪ್ಪಿಗೆ ಬೇಕಾಗಬಹುದು.

ಸುಣ್ಣದ ಕೆಲಸ ಬಲ್ಲವರನ್ನೇ ಹುಡುಕಿ. ನಮ್ಮಲ್ಲಿ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸುತ್ತಿದ್ದರು. ಇಲ್ಲಿ ದನದ ಅಥವಾ ಮೇಕೆಯ ಕೂದಲು ಬೆರೆಸುತ್ತಾರೆ, ಬಿರುಕು ಬಿಡದಿರಲಿ ಅಂತ. ಹಿಮ ಬೀಳುವ ಕಾಲದಲ್ಲಿ ಈ ಕೆಲಸ ಆಗುವುದಿಲ್ಲ. ಸುಣ್ಣ ಗಟ್ಟಿಯಾಗುವ ಮುಂಚೆ ಹೆಪ್ಪುಗಟ್ಟಿ ಉದುರುತ್ತದೆ. ನವೆಂಬರ್‌ನಲ್ಲಿ "ನಾಳೆಯೇ ಮಾಡಿಕೊಡ್ತೀನಿ" ಅನ್ನುವವನಿಗೆ ಸುಣ್ಣದ ಕೆಲಸ ಗೊತ್ತಿಲ್ಲ ಅಂತಲೇ ತಿಳಿಯಿರಿ.

ಕಿಟಕಿಗೆ ಬರೋಣ. ಹಳೇ ಕಿಟಕಿಗೆ ಹಳೇ ಗಾಜು ಇದ್ದರೆ, ಅಂದರೆ ಪಕ್ಕದಿಂದ ನೋಡಿದಾಗ ನೀರಿನ ಅಲೆಯಂತೆ ಕಂಡರೆ, ಅದನ್ನು ತೆಗೆಯುವ ಯೋಚನೆ ಬಿಡಿ. ಒಪ್ಪಿಗೆ ಸಿಗುವುದು ಬಹಳ ಕಷ್ಟ, ನಾನೂ ಆ ಅರ್ಜಿ ಬರೆದುಕೊಡುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟಿನ ಮಾತು ಎತ್ತುವುದೇ ಬೇಡ. ಆದರೆ ಚಳಿಯಲ್ಲೇ ಕೂತಿರಬೇಕು ಅಂತಲೂ ಇಲ್ಲ. ಸಂದುಗಳಿಗೆ ಗಾಳಿ ತಡೆಯುವ ಪಟ್ಟಿ ಹಾಕಿಸಿ. ಒಳಗಡೆ ತೆಳುವಾದ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಬಹುದು, ಇದನ್ನು ಸೆಕೆಂಡರಿ ಗ್ಲೇಜಿಂಗ್ ಅನ್ನುತ್ತಾರೆ. ಒಂಟಿ ಗಾಜಿನಿಂದ ಹೋಗುವ ಶಾಖ ಇದರಿಂದ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಬೇಡವಾದರೆ ಬಿಚ್ಚಿ ಇಡಬಹುದು. ಹಳೇ ಮರಕ್ಕೆ ಏಟಾಗದಂತೆ ಕೂರಿಸುವುದಾದರೆ ಎಷ್ಟೋ ಕಡೆ ಒಪ್ಪಿಗೆಯೇ ಬೇಡ ಅನ್ನುತ್ತಾರೆ. ಆದರೂ ಒಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕಿಟಕಿ ಹಳೆಯದಲ್ಲ, 1960, 70ರ ದಶಕದ್ದು ಅಂತಾದರೆ ತೆಳು ಡಬಲ್ ಗ್ಲೇಜಿಂಗ್ ಇರುವ ಮರದ ಕಿಟಕಿಗೆ ಅರ್ಜಿ ಹಾಕಿ. ಗೆಲ್ಲುವ ಸಾಧ್ಯತೆ ಇದೆ. ಹಿಸ್ಟಾರಿಕ್ ಇಂಗ್ಲೆಂಡ್ 2024ರ ಜುಲೈನಲ್ಲಿ ಇಂಧನ ಉಳಿತಾಯದ ಬಗ್ಗೆಯೇ ಒಂದು ಸಲಹಾ ಪತ್ರ ಹೊರಡಿಸಿದೆ. ಹಳೇ ಮನೆಯನ್ನು ಬೆಚ್ಚಗೆ ಮಾಡಿಕೊಳ್ಳುವುದನ್ನು ಅದು ವಿರೋಧಿಸುವುದಿಲ್ಲ, ದಾರಿ ತೋರಿಸುತ್ತದೆ. ಅರ್ಜಿಯಲ್ಲಿ ಅದರ ಹೆಸರು ಎತ್ತಿ.

ಸೋಲಾರ್‌ಗೆ ಒಪ್ಪಿಗೆ ಬೇಕೇ ಬೇಕು. ರಸ್ತೆಗೆ ಕಾಣುವ ಹಳೇ ಹೆಂಚಿನ ಇಳಿಜಾರಿಗೆ ಬೇಡ. ಹಿಂದಿನ ತಗ್ಗು ಛಾವಣಿ ಅಥವಾ ಹೊಸ ಶೆಡ್ಡು ಇದ್ದರೆ ಅಲ್ಲಿಗೆ ಕೇಳಿ ನೋಡಿ. ಅಟ್ಟದಲ್ಲಿ ಬಾವಲಿ ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿಸಿ. ಇಲ್ಲಿ ಎಲ್ಲ ಜಾತಿಯ ಬಾವಲಿಗೂ ಕಾನೂನಿನ ರಕ್ಷಣೆ ಇದೆ. ಅವುಗಳ ಗೂಡು ಕೆಡಿಸಿದರೆ ಅದೇ ಬೇರೆ ಅಪರಾಧ.

ಅಡುಗೆಮನೆ ಗೋಡೆ ತೆಗೆಯಬಹುದಾ? ಅದು ಯಾವ ಕಾಲದ್ದು ಅನ್ನುವುದರ ಮೇಲಿದೆ. 1970ರಲ್ಲಿ ಎಬ್ಬಿಸಿದ ಪ್ಲಾಸ್ಟರ್‌ಬೋರ್ಡ್ ಗೋಡೆಯಾದರೆ ತೆಗೆಯಲು ಸುಲಭವಾಗಿ ಒಪ್ಪಿಗೆ ಸಿಗಬಹುದು. ಮೂಲ ಮರದ ಚೌಕಟ್ಟಿನ ಗೋಡೆಯಾದರೆ ಅದು ಮನೆಯ ನಕ್ಷೆಯನ್ನೇ ಹೇಳುವ ಗೋಡೆ. ಆ ಕಾಲದ ಇಂಗ್ಲಿಷ್ ಮನೆಯಲ್ಲಿ ನಡುವೆ ದೊಡ್ಡ ಹಾಲ್, ಒಂದು ತುದಿಗೆ ಉಗ್ರಾಣದ ಕೋಣೆಗಳು, ಇನ್ನೊಂದು ತುದಿಗೆ ಯಜಮಾನನ ಕೋಣೆ. ಆ ಗೋಡೆ ಹೋದರೆ ಜನ ಇಲ್ಲಿ ಹೇಗೆ ಬದುಕಿದ್ದರು ಅನ್ನುವ ಗುರುತೇ ಅಳಿಸಿ ಹೋಗುತ್ತದೆ. ಒಬ್ಬ ಪರಿಣತರಿಂದ ಮನೆಯ ವರದಿ ಮಾಡಿಸಿ, ಹೆರಿಟೇಜ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಅರ್ಜಿಗೆ ಹೇಗೂ ಅದು ಬೇಕು. ಅಧಿಕಾರಿ ತೂಗಿ ನೋಡುವುದು ಹೀಗೆ: ಈ ಬದಲಾವಣೆಯಿಂದ ಏನು ಹೋಗುತ್ತದೆ, ಅದಕ್ಕೆ ಪ್ರತಿಯಾಗಿ ಎಲ್ಲರಿಗೂ ಸಿಗುವ ಒಳಿತೇನು? ನಿಮಗೆ ದೊಡ್ಡ ಅಡುಗೆಮನೆ ಬೇಕು ಅನ್ನುವುದು ಎಲ್ಲರ ಒಳಿತಲ್ಲ. ಹಾಳು ಬೀಳುತ್ತಿದ್ದ ಮನೆ ಮತ್ತೆ ವಾಸಕ್ಕೆ ಬರುತ್ತದೆ, ಕೊಳೆತ ತೊಲೆ ರಿಪೇರಿಯಾಗುತ್ತದೆ ಅನ್ನುವುದು ಎಲ್ಲರ ಒಳಿತು. ಅರ್ಜಿಯನ್ನು ಈ ಭಾಷೆಯಲ್ಲಿ ಬರೆಯಿರಿ.

ಹಿಂಬದಿಯ ಪ್ಲಾಸ್ಟಿಕ್ ಕಿಟಕಿಗಳ ವಿಷಯ ಸ್ವಲ್ಪ ನಾಜೂಕು. ಹಿಂದಿನವರು ಮಾಡಿದ ಅಪರಾಧಕ್ಕೆ ನಿಮ್ಮನ್ನು ಕೋರ್ಟಿಗೆ ಎಳೆಯುವುದಿಲ್ಲ. ಆದರೆ "ಇದನ್ನು ತೆಗೆದು ಸರಿಪಡಿಸಿ" ಅನ್ನುವ ನೋಟಿಸು ಈಗಿನ ಮಾಲೀಕರಿಗೆ, ಅಂದರೆ ನಿಮಗೇ ಬರುತ್ತದೆ. ಲಿಸ್ಟೆಡ್ ಕಟ್ಟಡದ ವಿಷಯದಲ್ಲಿ ಆ ನೋಟಿಸಿಗೆ ಕಾಲಮಿತಿ ಇಲ್ಲ. ಇಪ್ಪತ್ತು ವರ್ಷದ ಮೇಲೂ ಬರಬಹುದು. ಕೊಳ್ಳುವಾಗ ನಿಮ್ಮ ವಕೀಲರು ಇದಕ್ಕೆ ಇಂಡೆಮ್ನಿಟಿ ವಿಮೆ, ಅಂದರೆ ಇಂಥ ನೋಟಿಸಿನಿಂದ ಆಗುವ ನಷ್ಟ ತುಂಬಿಕೊಡುವ ವಿಮೆ ಮಾಡಿಸಿದ್ದಾರಾ ನೋಡಿ. ಮಾಡಿಸಿದ್ದರೆ, ಕೌನ್ಸಿಲ್ ಜೊತೆ ಆ ಕಿಟಕಿಯ ಬಗ್ಗೆ ಮಾತಾಡುವ ಮುಂಚೆ ವಿಮೆಯ ಷರತ್ತು ಓದಿ. ನೀವಾಗಿ ಕೌನ್ಸಿಲ್‌ಗೆ ತಿಳಿಸಿದರೆ ವಿಮೆ ರದ್ದು ಅಂತ ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ವಕೀಲರನ್ನು ಕೇಳಿ ಮುಂದಿನ ಹೆಜ್ಜೆ ಇಡಿ. ನನ್ನ ಅಭಿಪ್ರಾಯ ಕೇಳಿದರೆ, ಆ ಎರಡು ಕಿಟಕಿ ತೆಗೆದು ಒಳ್ಳೇ ಮರದ ಕಿಟಕಿ ಹಾಕುವುದನ್ನು ನಿಮ್ಮ ಮುಖ್ಯ ಅರ್ಜಿಯಲ್ಲೇ ಸೇರಿಸಿ. ಮನೆಗೆ ಆಗಿದ್ದ ಗಾಯವನ್ನು ವಾಸಿ ಮಾಡುವ ಅರ್ಜಿಗೆ ತೂಕ ಜಾಸ್ತಿ.

ಅರ್ಜಿ ಹೋಗುವುದು ಬೇಬರ್ ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ. ಹಳ್ಳಿಯ ಪ್ಯಾರಿಷ್ ಕೌನ್ಸಿಲ್ ಅಭಿಪ್ರಾಯ ಹೇಳುತ್ತದೆ, ತೀರ್ಮಾನ ಅದರದ್ದಲ್ಲ. ಆದರೂ ಅವರನ್ನು ಮೊದಲೇ ಭೇಟಿ ಮಾಡಿ. ಲ್ಯಾವೆನ್‌ಹ್ಯಾಮ್ ಜನ ತಮ್ಮದೇ ನೇಬರ್‌ಹುಡ್ ಪ್ಲಾನ್, ಅಂದರೆ ಊರಿನ ಕಟ್ಟಡ, ಬೆಳವಣಿಗೆ ಹೇಗಿರಬೇಕು ಅನ್ನುವ ಯೋಜನೆ ಬರೆದು 2016ರಲ್ಲಿ ಜಾರಿಗೆ ತಂದವರು. ಊರಿನ ಬಗ್ಗೆ ಅವರಿಗೆ ಅಕ್ಕರೆ ಇದೆ. ಲಿಸ್ಟೆಡ್ ಕಟ್ಟಡದ ಒಪ್ಪಿಗೆಗೆ ಶುಲ್ಕ ಇಲ್ಲ. ಅರ್ಜಿಗೆ ಮುಂಚಿನ ಸಲಹೆಗೆ ಮಾತ್ರ ಹಲವು ಕೌನ್ಸಿಲ್‌ಗಳು ದುಡ್ಡು ತೆಗೆದುಕೊಳ್ಳುತ್ತವೆ. ಕೊಡಿ, ಅದು ವ್ಯರ್ಥವಲ್ಲ. ತೀರ್ಮಾನಕ್ಕೆ ನಿಗದಿಯಾದ ಅವಧಿ 8 ವಾರ. ಒಪ್ಪಿಗೆ ಸಿಕ್ಕ ಮೇಲೆ ಸಾಮಾನ್ಯವಾಗಿ 3 ವರ್ಷದೊಳಗೆ ಕೆಲಸ ಶುರು ಮಾಡಬೇಕು. ಸಿಗದಿದ್ದರೆ 6 ತಿಂಗಳೊಳಗೆ ಮೇಲ್ಮನವಿ ಹಾಕಬಹುದು. ಕಟ್ಟುವುದಕ್ಕೆ ಬೇಕಾದ ಪ್ಲಾನಿಂಗ್ ಪರ್ಮಿಷನ್ ಇದಕ್ಕಿಂತ ಬೇರೆ, ಕಟ್ಟುವ ಗುಣಮಟ್ಟ, ಸುರಕ್ಷತೆ ನೋಡುವ ಬಿಲ್ಡಿಂಗ್ ರೆಗ್ಯುಲೇಷನ್ ಇನ್ನೂ ಬೇರೆ. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಮರೆಯಬೇಡಿ. ಒಪ್ಪಿಗೆ ಪಡೆದ ಬದಲಾವಣೆಗೆ ವ್ಯಾಟ್ ಇಲ್ಲ ಅಂತ ಯಾರಾದರೂ ಹೇಳಿದರೆ ಅದು ಹಳೇ ಮಾತು. ಆ ರಿಯಾಯಿತಿ 2012ರ ಅಕ್ಟೋಬರ್‌ನಲ್ಲಿ ಹೋಯಿತು. ಬಜೆಟ್ ಹಾಕುವಾಗ ನೂರಕ್ಕೆ 20 ಸೇರಿಸಿಕೊಳ್ಳಿ.

ಹಿತ್ತಿಲಿಗೂ ನಿಯಮ ಇದೆ. ನಿಮ್ಮ ಬೀದಿ ಕನ್ಸರ್ವೇಶನ್ ಏರಿಯಾದಲ್ಲಿ, ಅಂದರೆ ಹಳೇ ಸ್ವರೂಪ ಕಾಪಾಡಲು ಗುರುತಿಸಿದ ಪ್ರದೇಶದಲ್ಲಿ ಬರುತ್ತದೆ. ಬೇರೆಯವರು ಕೇಳದೇ ಹಾಕಿಕೊಳ್ಳಬಹುದಾದ ಬೇಲಿ, ಗೇಟು, ಶೆಡ್ಡಿಗೂ ಲಿಸ್ಟೆಡ್ ಮನೆಯ ಆವರಣದಲ್ಲಿ ಪರ್ಮಿಷನ್ ಬೇಕು. ಎದೆಯೆತ್ತರದಲ್ಲಿ 75 ಮಿಲಿಮೀಟರ್‌ಗಿಂತ ದಪ್ಪ ಇರುವ ಮರ ಕಡಿಯುವುದಾದರೂ, ಕೊಂಬೆ ಸವರುವುದಾದರೂ 6 ವಾರ ಮುಂಚೆ ಕೌನ್ಸಿಲ್‌ಗೆ ತಿಳಿಸಬೇಕು.

ಮನೆಗೆ ಬಣ್ಣ ಬದಲಿಸುವಾಗಲೂ ಕೇಳಿ. ಓಕ್ ಮರಕ್ಕೆ ಕಪ್ಪು ಬಳಿದು ಗೋಡೆಗೆ ಬಿಳಿ ಬಳಿದರೆ ಹಳೇ ಕಾಲದ ಹಾಗೆ ಕಾಣುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಆ ರೂಢಿ ಹೆಚ್ಚಾದದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಸಫೋಕ್‌ನ ಓಕ್ ಬಣ್ಣವಿಲ್ಲದೆ ಬೂದು ಬೆಳ್ಳಿಯ ಹಾಗೆ ಮಾಗಬೇಕು. ಅದನ್ನು ನೋಡಬೇಕೆಂದರೆ ಸಂಜೆ ಬಿಸಿಲಿನಲ್ಲಿ ಮಾರ್ಕೆಟ್ ಪ್ಲೇಸ್‌ಗೆ ಹೋಗಿ ಗಿಲ್ಡ್‌ಹಾಲ್ ಎದುರು ನಿಲ್ಲಿ.

ಕೊನೆಗೆ ನಿಮ್ಮ ತೋರಣ. ಅದಕ್ಕೆ ಯಾರನ್ನೂ ಕೇಳಬೇಡಿ. ಒಳಗೋಡೆಗೆ ಸುಣ್ಣ ಬಳಿಯಲು, ಹೊಸ ಗಿಲಾವಿನ ಮೇಲೆ ಪಟ ತೂಗುಹಾಕಲು ಮೊಳೆ ಹೊಡೆಯಲು ಸಾಮಾನ್ಯವಾಗಿ ಒಪ್ಪಿಗೆ ಬೇಡ. ಹಳೇ ಗಿಲಾವು ಮಾತ್ರ ಕೆರೆಯಬೇಡಿ. ಸುಣ್ಣದ ಪದರಗಳ ಕೆಳಗೆ ಹಳೇ ಚಿತ್ರ ಇರಬಹುದು, ಈ ಕಡೆಯ ಮನೆಗಳಲ್ಲಿ ಸಿಕ್ಕಿವೆ. ಬಾಗಿಲ ಚೌಕಟ್ಟಿನ ಓಕ್‌ಗೆ ಹೊಸ ಮೊಳೆ ಹೊಡೆಯುವ ಮುಂಚೆ ಒಮ್ಮೆ ಕೈಯಾಡಿಸಿ ನೋಡಿ. ಹಿಂದೆ ಇದ್ದವರು ಯಾವುದೋ ಹಬ್ಬಕ್ಕೆ, ಯಾವುದೋ ಕೆಲಸಕ್ಕೆ ಹೊಡೆದ ಮೊಳೆ ಅಲ್ಲಿ ಇದ್ದೇ ಇರುತ್ತದೆ. ದಾರವನ್ನು ಅದಕ್ಕೇ ಕಟ್ಟಿ.